ಗಟ್ಟಿ ಬಿದಿರಿನ ಬೂಮು

ಮುನವಳ್ಳಿಯಲ್ಲಿ ಯಾರೇ ಹೊರಸು ಕೊಳ್ಳಲಿ, ಏಣಿ ಕೊಳ್ಳಲಿ, ದುಂಡಪ್ಪನನ್ನು ಜೊತೆಗೆ ಕರೆದುಕೊಂಡು ಹೋಗುವುದು ರೂಢಿ. ದುಂಡಪ್ಪ ಬಡಿಗನಲ್ಲ, ಐದೆಕರೆಯಲ್ಲಿ ಗೋವಿನಜೋಳ ಬೆಳೆಯುವ ರೈತ. ಆದರೆ ಅವನ ತೂಕ ತೊಂಬತ್ತಾರು ಕಿಲೋ. ಅವನು ವಸ್ತುವನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಕೊನೆಗೆ ಅದರ ಮೇಲೆ ಕೂಡುತ್ತಾನೆ. ತಡೆದರೆ ಅದು ಗಟ್ಟಿ. ಮುರಿದರೆ, ಅದು ಮೊದಲೇ ಗಟ್ಟಿಯಿರಲಿಲ್ಲ. ಈ ಪದ್ಧತಿಯಲ್ಲಿ ತಪ್ಪಾಗುವ ಸಂಭವವೇ ಇಲ್ಲವಾದ್ದರಿಂದ ದುಂಡಪ್ಪನ ಹೆಸರು ಯರಗಟ್ಟಿಯವರೆಗೂ ಹಬ್ಬಿತ್ತು.

ಅವನ ಮಗಳು ಉಮಾಶ್ರೀ ಪಿಯುಸಿ ಎರಡನೆಯ ವರ್ಷದಲ್ಲಿದ್ದಳು. ಎರಡು ವರ್ಷದಿಂದ ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಜಲಕ್ರೀಡೆಯ ಶಿಬಿರವೊಂದು ನಡೆಯುತ್ತಿತ್ತು. ಅಲ್ಲಿ ಅವಳು ವಿಂಡ್‌ಸರ್ಫಿಂಗ್ ಕಲಿತಿದ್ದಳು. ನೀರ ಮೇಲೊಂದು ಹಲಗೆ, ಹಲಗೆಯ ಮೇಲೊಂದು ಪಟ. ಪಟದ ಎರಡೂ ಮಗ್ಗುಲಿಗೆ ಬಿಲ್ಲಿನ ಹಾಗೆ ಬಾಗಿದ ಎರಡು ಕೊಳವೆ. ಆ ಜೋಡಿ ಕೊಳವೆಗೆ ಬೂಮ್ ಎನ್ನುತ್ತಾರೆ. ಅದನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ವಾಲಿ ನಿಂತರೆ ಗಾಳಿಯೇ ಎಳೆದುಕೊಂಡು ಹೋಗುತ್ತದೆ. ಹಿಡಿಯಲು ಬೂಮೇ ಇಲ್ಲದಿದ್ದರೆ ನಿಂತವರು ಸೀದಾ ನೀರಿಗೆ.

ಆಷಾಢದ ಗಾಳಿ ಜೋರಾಗಿ ಬೀಸುತ್ತಿದ್ದ ಒಂದು ಮಂಗಳವಾರ ದುಂಡಪ್ಪ ಶಿಬಿರಕ್ಕೆ ಹೋದ. ಬರುವ ರವಿವಾರ ಹನ್ನೊಂದು ಗಂಟೆಗೆ ಆಯ್ಕೆಯ ಪಂದ್ಯವಿತ್ತು. ಏಳು ಹುಡುಗಿಯರಲ್ಲಿ ಮೊದಲಿಬ್ಬರು ರಾಜ್ಯದ ತಂಡಕ್ಕೆ. ಕಾರವಾರದಿಂದ ಬಂದಿದ್ದ ಕೋಚ್ ವಿಜಯ ಅವರು ಉಮಾಶ್ರೀಯ ಬೂಮನ್ನು ಒರೆಸಿ ಎರಡು ಕಲ್ಲುಗಳ ಮೇಲೆ ಒಣಗಲಿಟ್ಟಿದ್ದರು.

"ಸರ, ಇದು ಗಟ್ಟಿ ಐತೇನ್ರಿ?" ದುಂಡಪ್ಪ ಕೇಳಿದ.

"ತುಂಬಾ ಗಟ್ಟಿ. ಎಂಥಾ ಗಾಳಿ ಬಂದರೂ ತಡೀತದೆ."

"ತಡೀರಿ, ನಾ ಒಂದೀಟು ನೋಡತೇನಿ."

ವಿಜಯ ಅವರು ಊರಿಗೆ ಹೊಸಬರು. ದುಂಡಪ್ಪ ನೋಡುತ್ತಾನೆಂದರೆ ಕಣ್ಣಿನಿಂದ ನೋಡುತ್ತಾನೆಂದು ತಿಳಿದರು. ದುಂಡಪ್ಪ ಬಡಿದ, ಕಿವಿಗೊಟ್ಟ, ತಿರುಗಿ ನಿಂತು ಧೋತರ ಸರಿಮಾಡಿಕೊಂಡು ಕೂತ. ಬೂಮು ಒಂದು ಸಲ ನರಳಿ ನಡುವೆ ಮಡಚಿಕೊಂಡಿತು.

"ನೋಡಿದ್ರಿ?" ದುಂಡಪ್ಪ ನೆಲದಿಂದಲೇ ಹೇಳಿದ. "ಗಟ್ಟಿ ಇರಲಿಲ್ಲ."

"ದುಂಡಪ್ಪನವರೇ," ಕೋಚ್ ಮಡಚಿದ ಬೂಮನ್ನು ಎತ್ತಿಕೊಳ್ಳುತ್ತ ಹೇಳಿದರು, "ಅದನ್ನ ಮಾಡಿದ್ದು ಗಾಳಿಗೆ. ನಿಮಗಲ್ಲ."

ಹೊಸದು ಗೋವಾದಿಂದ ಬರಲು ಹತ್ತು ದಿನ ಬೇಕಿತ್ತು. ಉಳಿದ ಆರು ಹುಡುಗಿಯರಿಗೆ ಆರೇ ಬೂಮುಗಳಿದ್ದವು. ಉಮಾಶ್ರೀ ಅಳಲಿಲ್ಲ, ಬೈಯಲೂ ಇಲ್ಲ. ಮನೆಗೆ ಬಂದು ಅಪ್ಪನ ತಾಟಿಗೆ ರೊಟ್ಟಿ ಬಡಿಸಿ, ಪಲ್ಯ ಬಡಿಸುವುದನ್ನು ಬಿಟ್ಟು ಎದ್ದುಹೋದಳು. ಒಣ ರೊಟ್ಟಿ ಮುರಿಯುತ್ತ ದುಂಡಪ್ಪನಿಗೆ ತನ್ನ ಅಪರಾಧದ ಆಳ ತಿಳಿಯಿತು. ಮರುದಿನ ಬೆಳಗಾಗುತ್ತಲೇ ಕೋಚ್ ಹತ್ತಿರ ಓಡಿದ.

"ಸರ, ಕಟಿಗಿದು ಮಾಡಿದ್ರ ನಡಿಯೂದಿಲ್ಲೇನ್ರಿ?"

"ಹಿಂದಿನ ಕಾಲದಲ್ಲಿ ಮರದ್ದೇ ಇರ್ತಿತ್ತು. ಒಳ್ಳೇ ಬಿದಿರು ಸಿಕ್ಕಿ, ಸರಿಯಾಗಿ ಬಗ್ಗಿಸೋರು ಸಿಕ್ಕಿದರೆ ಒಂದು ಪಂದ್ಯಕ್ಕೆ ತಡೀಬಹುದು. ಆದರೆ ಬಿದಿರು ಟೊಳ್ಳಿರಬಾರದು."

ಟೊಳ್ಳಿಲ್ಲದ ಬಿದಿರು ಎಲ್ಲಿದೆ ಎಂಬುದು ದುಂಡಪ್ಪನಿಗೆ ಗೊತ್ತಿತ್ತು. ಸಂಪಗಾಂವದಲ್ಲಿ, ಅವನ ಹೆಂಡತಿ ಸೋಮವ್ವನಿಗೆ ತವರಿನ ಕಡೆಯಿಂದ ದೊಡ್ಡವ್ವನಾಗಬೇಕಾದ ಕಾಡವ್ವನ ಹೊಲದ ಬದುವಿನಲ್ಲಿ ಒಂದು ಮೆಳೆಯಿತ್ತು. ಆದರೆ ಆ ಮೆಳೆಗೊಂದು ಕಟ್ಟಳೆ. ಮದುವೆಯ ಹಂದರಕ್ಕಲ್ಲದೆ ಬೇರೆ ಯಾವುದಕ್ಕೂ ಅದರ ಬಿದಿರು ಕಡಿಯಬಾರದೆಂದು ಕಾಡವ್ವನ ಅತ್ತೆಯ ಅತ್ತೆ ಮಾಡಿಟ್ಟದ್ದು. ದನದ ಕೊಟ್ಟಿಗೆಗೆ ಕೇಳಿದ ಸ್ವಂತ ಮಗನನ್ನೇ ಕಾಡವ್ವ ಬರಿಗೈಯಲ್ಲಿ ಕಳಿಸಿದ್ದಳು.

ಎಂಬತ್ತರ ಕಾಡವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು.

"ಏನಪಾ ದುಂಡಪ್ಪಾ, ಮಳಿಗಾಲದಾಗ ಈ ಕಡೆ?"

"ಎರಡು ಬಿದಿರ ಬೇಕಾಗಿತ್ತು ದೊಡ್ಡವ್ವಾ."

"ಮದವಿ ಯಾರದು?"

ದುಂಡಪ್ಪ ಬಸ್ಸಿನಲ್ಲಿ ಬರುವಾಗ ಎಲ್ಲವನ್ನೂ ಸರಿಯಾಗಿ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ. "ಅದು ಏನಂದ್ರ ದೊಡ್ಡವ್ವಾ, ನೀರಿನ ಮ್ಯಾಲ ಒಂದು ಹಲಗಿ ಇರತೈತಿ. ಹಲಗಿ ಮ್ಯಾಲ ಹುಡುಗಿ ನಿಂದರತಾಳ. ಆಮ್ಯಾಲ ಗಾಳಿ..."

"ಮದವಿ ಯಾರದಪಾ ಅಂದ್ಯಾ ನಾ."

ದುಂಡಪ್ಪ ಮೆಳೆಯ ಕಡೆ ನೋಡಿದ. ಹಿಡಿಗಾತ್ರದ, ನೆಟ್ಟಗಿನ, ಕಣ್ಣಿಗೇ ಗಟ್ಟಿಯೆಂದು ಕಾಣುವ ಬಿದಿರುಗಳು ಗಾಳಿಗೆ ತಲೆದೂಗುತ್ತಿದ್ದವು. ನಿನ್ನೆಯ ಒಣ ರೊಟ್ಟಿ ನೆನಪಾಯಿತು.

"ನಮ್ಮ ಉಮಾಶ್ರೀದು," ಎಂದುಬಿಟ್ಟ.

ಕಾಡವ್ವನ ಕೈಯಿಂದ ಶೇಂಗಾ ಕೆಳಗೆ ಬಿತ್ತು. "ಆಷಾಢದಾಗ ಮದವಿ?"

"ಐತವಾರ ಐತಿ. ಗಾಳಿ ಜೋರ ಇರೂ ದಿನಾನ ಬೇಕಂತ ಹೇಳ್ಯಾರ."

"ಗಾಳಿ ನೋಡಿ ಮುಹೂರ್ತ ಇಡೂ ಮಂದಿ ಯಾವ ಊರವರಪಾ?"

"ಕಾರವಾರ ಕಡೇವ್ರು."

"ಹುಡುಗ ಹೆಂಗದಾನ?"

ದುಂಡಪ್ಪನ ಕಣ್ಣು ಮೆಳೆಯಿಂದ ಕದಲಿರಲಿಲ್ಲ. "ಎತ್ತರ ಅದಾನ. ನೆಟ್ಟಗ ಅದಾನ. ಒಳಗ ಟೊಳ್ಳಿಲ್ಲ."

"ಹುಡುಗಿಗೆ ವಯಸ್ಸೆಷ್ಟು?"

ಒಂದರ ಮೇಲೊಂದು ಸುಳ್ಳು ಹೇಳಿ ದುಂಡಪ್ಪನಿಗೆ ಸುಸ್ತಾಗಿತ್ತು. ಇದೊಂದಕ್ಕಾದರೂ ನಿಜ ಹೇಳಲು ಸಿಕ್ಕಿತಲ್ಲ ಎಂಬ ನೆಮ್ಮದಿಯಿಂದ, "ಹದಿನೇಳು ಮುಗದು ನಾಕ ತಿಂಗಳಾತು," ಎಂದ. ಆ ದಿನ ಅವನ ಬಾಯಿಂದ ಬಂದ ಒಂದೇ ಒಂದು ಸತ್ಯ ಅದು. ಮುಂದೆ ಅನಾಹುತ ಮಾಡಿದ್ದೂ ಅದೇ.

ಕಾಡವ್ವ ಬಿದ್ದ ಶೇಂಗಾ ಹೆಕ್ಕುತ್ತ ಅವನ ಮುಖವನ್ನೊಮ್ಮೆ ನೋಡಿದಳು. ಎದ್ದು ಓಣಿಯ ಐದು ಜನ ಮುತ್ತೈದೆಯರನ್ನು ಕೂಗಿ ಕರೆದಳು. ಮೆಳೆಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಸೋಬಾನೆ ಹಾಡಿ, ಎರಡು ಬಿದಿರು ಕಡಿಸಿದರು. ತನಗೆ ಬೇಕಾದದ್ದು ಏಳೇಳು ಫೂಟು ಮಾತ್ರ ಎಂದು ದುಂಡಪ್ಪ ಗೋಗರೆದರೂ ಹಂದರದ ಬಿದಿರನ್ನು ಮೋಟು ಮಾಡಲು ಕಾಡವ್ವ ಒಪ್ಪಲಿಲ್ಲ. ಹದಿನೆಂಟು ಫೂಟಿನ ಎರಡು ಬಿದಿರಿಗೂ ತುದಿಯಲ್ಲಿ ಮಾವಿನ ಸೊಪ್ಪು ಕಟ್ಟಿ ಮೂರು ಗಾಲಿಯ ಟಂಟಂ ಗಾಡಿಗೆ ಏರಿಸಿದರು.

ಆ ಟಂಟಂ ಬೈಲಹೊಂಗಲದ ಪೇಟೆಯ ನಡುವೆ ಹಾಯ್ದು ಬಂತು. ಮಾವಿನ ಸೊಪ್ಪು ಗಾಡಿಯಿಂದಾಚೆ ಎಂಟು ಫೂಟು ತೊನೆಯುತ್ತಿತ್ತು. ಬಿದಿರು ಜಾರದ ಹಾಗೆ ಅಪ್ಪಿಕೊಂಡು, ಹಣೆಗೆ ಭಂಡಾರ ಬಳಿಸಿಕೊಂಡು ಕೂತಿದ್ದ ದುಂಡಪ್ಪನನ್ನು ಕಂಡ ಬೀಗರು ಬಿಜ್ಜರೆಲ್ಲ ಕೈಯೆತ್ತಿ ಮುಗಿದರು. ದುಂಡಪ್ಪನ ಎರಡೂ ಕೈ ಬಿದಿರಿಗೆ ಮೀಸಲಾಗಿದ್ದರಿಂದ ಎಲ್ಲರಿಗೂ ಹಲ್ಲು ಕಿರಿದು ತಲೆಯಾಡಿಸಿದ. ಆಷಾಢದಲ್ಲಿ ಮಗಳ ಮದುವೆಯ ಹಂದರಗಂಬ ಒಯ್ಯುತ್ತ ಅಷ್ಟೊಂದು ನಗುವ ಅಪ್ಪನನ್ನು ಬೈಲಹೊಂಗಲ ಹಿಂದೆಂದೂ ಕಂಡಿರಲಿಲ್ಲ.

ಬಿದಿರು ಬಗ್ಗಿಸಲು ಒಪ್ಪಿದ್ದು ಲಗಮಪ್ಪ. ಏಣಿ, ತೊಟ್ಟಿಲು ಕಟ್ಟುವುದರಲ್ಲಿ ಮೂವತ್ತು ವರ್ಷ ಕಳೆದವನು. ಅವನು ಮುರಿದ ಬೂಮನ್ನು ನೆಲದ ಮೇಲಿಟ್ಟು ಸುತ್ತ ಸುಣ್ಣದಿಂದ ಗೀರು ಎಳೆದ. ಗೀರಿನ ಗುಂಟ ಗೂಟ ಹೊಡೆದ. ಬಿದಿರನ್ನು ಉರಿಗೆ ಹಿಡಿದು, ಎಣ್ಣೆ ಸವರಿ, ಹಸುಗೂಸನ್ನು ಹೊರಳಿಸಿದ ಹಾಗೆ ಹೊರಳಿಸುತ್ತ, ಗೂಟದ ನಡುವೆ ಬಗ್ಗಿಸಿ ಕಟ್ಟಿದ.

"ಒಮ್ಮೆ ನೋಡ್ಲೇನು?" ದುಂಡಪ್ಪ ಹತ್ತಿರ ಸರಿದ.

"ದುಂಡಪ್ಪಣ್ಣಾ, ಕಣ್ಣೀಲೆ ನೋಡ್ರಿ. ಅದರ ಮ್ಯಾಲೇನರ ಕುಂತ್ರಿ ಅಂದ್ರ, ನಿಮ್ಮನ್ನೂ ಉರಿಗೆ ಹಿಡದು ಬಗ್ಗಿಸತೇನಿ."

ಗುರುವಾರ ಬಗ್ಗಿಸಿದ್ದು ಶುಕ್ರವಾರ ಆರಿತು. ಅಷ್ಟರಲ್ಲಿ ಸುದ್ದಿ ಸವದತ್ತಿಯನ್ನು ದಾಟಿ ರಾಮದುರ್ಗ ಮುಟ್ಟಿತ್ತು. ರಾಮದುರ್ಗದಲ್ಲಿ ಕಲ್ಮೇಶ ಇದ್ದ. ಕಲ್ಮೇಶ ಸೋಮವ್ವನ ತಮ್ಮ. ಎಂದರೆ ಉಮಾಶ್ರೀಯ ಸೋದರಮಾವ. ಸೋದರಮಾವ ಮುಂದೆ ನಿಲ್ಲದೆ ಹುಡುಗಿಯ ತಲೆಗೆ ಒಂದು ಹನಿ ಎಣ್ಣೆಯನ್ನೂ ಹಚ್ಚುವಂತಿಲ್ಲದ ನಾಡಿನಲ್ಲಿ ಮದುವೆಯ ಸುದ್ದಿ ಅವನಿಗೆ ತಲುಪಿದ್ದು ಕಟಿಂಗ್ ಅಂಗಡಿಯಲ್ಲಿ. ಅರ್ಧ ಗಡ್ಡದಲ್ಲೇ ಎದ್ದು ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ನಾ ಸತ್ತೇನಂತ ತಿಳಕೊಂಡೀಯೇನು?"

"ಯಾಕೋ ಕಲ್ಮೇಶಾ, ಏನಾತು?"

"ಐತವಾರ ಮಗಳ ಮದವಿ ಇಟಕೊಂಡು ಏನಾತು ಅಂತ ಕೇಳತಿ?"

ಫೋನು ಇಟ್ಟ ಸೋಮವ್ವ ನೇರ ಲಗಮಪ್ಪನ ಅಂಗಳಕ್ಕೆ ಬಂದಳು. "ಏನ್ರಿ, ನನ್ನ ಮಗಳ ಮದವಿಗೆ ನನಗೂ ಒಂದು ಮಾತು ಹೇಳೂದಲ್ಲೇನ್ರಿ? ನಾ ಏನು ಹಡದಾಕಿ ಹೌದೋ ಅಲ್ಲೋ?"

ದುಂಡಪ್ಪ ನಡೆದದ್ದನ್ನೆಲ್ಲ ಹೇಳಿದ. ಸೋಮವ್ವ ಹಣೆ ಬಡಿದುಕೊಂಡಳು. "ಈಗs ಸಂಪಗಾಂವಕ್ಕ ಫೋನ್ ಹಚ್ಚಿ ಖರೇ ಹೇಳ್ರಿ."

"ಹೇಳಿದ್ರ ಮುದುಕಿ ಇವತ್ತs ಬಂದು ಬಿದಿರ ಕಸಗೊಂಡು ಹೊಕ್ಕಾಳ. ಐತವಾರ ಹನ್ನೊಂದಕ್ಕ ಉಮಾ ಏನ್ ಹಿಡಕೊಂಡು ನಿಂದರಬೇಕು? ಹನ್ನೆರಡಕ್ಕ ಎಲ್ಲಾ ಹೇಳಿ ಕಾಲು ಹಿಡೀತೇನಿ. ಅಲ್ಲೀತನಕ ನೀ ಬಾಯಿ ಬಿಡಬ್ಯಾಡ."

ಸೋಮವ್ವ ಬಾಯಿ ಬಿಡಲಿಲ್ಲ. ಎರಡು ದಿನ ಬಂದ ಇಪ್ಪತ್ತಮೂರು ಫೋನುಗಳಿಗೂ ಅವಳು "ಹೂಂ" ಎಂದಷ್ಟೇ ಹೇಳಿದಳು. ಅದು ಇನ್ನೂ ಕೆಟ್ಟದ್ದಾಯಿತು. ಹೆತ್ತ ತಾಯಿ ಹೂಂ ಎಂದ ಮೇಲೆ ಯಾರಿಗೆ ಅನುಮಾನ ಉಳಿದೀತು?

ಶನಿವಾರ ಲಗಮಪ್ಪ ಎರಡು ಬಿಲ್ಲುಗಳ ತುದಿ ಕೂಡಿಸಿ, ಮೀನುಗಾರರ ನೈಲಾನ್ ಹಗ್ಗದಿಂದ ಬಿಗಿದ. ಕೋಚ್ ವಿಜಯ ಅದನ್ನು ತಿರುಗಿಸಿ ಮುರುಗಿಸಿ ಹದಿನೈದು ನಿಮಿಷ ಪರೀಕ್ಷಿಸಿ, ಲಗಮಪ್ಪನ ಕೈ ಕುಲುಕಿದರು. ಉಮಾಶ್ರೀ ಬೂಮಿನ ಮೇಲೆ ಕೈಯಾಡಿಸಿದಳು. ಆ ದಿನ ಅಪ್ಪನ ತಾಟಿಗೆ ಪಲ್ಯ ಬಿತ್ತು.

ರವಿವಾರ ಹತ್ತೂವರೆ. ಹಿನ್ನೀರಿನ ಮೇಲೆ ಗಾಳಿ ಸಣ್ಣ ಸಣ್ಣ ತೆರೆ ಎಬ್ಬಿಸಿತ್ತು. ಏಳು ಪಟಗಳು ದಂಡೆಯಲ್ಲಿ ಪಟಪಟ ಬಡಿದುಕೊಳ್ಳುತ್ತಿದ್ದವು. ದೂರದಲ್ಲಿ ತೇಲಿಬಿಟ್ಟ ಮೂರು ಹಳದಿ ಡ್ರಮ್ಮುಗಳನ್ನು ಸುತ್ತಿ ಬರಬೇಕು. ಅಷ್ಟರಲ್ಲಿ, ಮನೆಗೆ ಬೀಗ ಹಾಕಿದ್ದು ಕಂಡು ಹುಡುಕಿಕೊಂಡು ಬಂದ ಎರಡು ಕ್ರೂಸರ್ ಗಾಡಿ ಏರಿಯ ಮೇಲೆ ನಿಂತವು. ಮೊದಲು ಇಳಿದದ್ದು ಹಲಗಿ ವಾದ್ಯ ಬಾರಿಸುವವರು. ಆಮೇಲೆ ಕಲ್ಮೇಶ, ತಲೆಗೆ ಜರಿ ಪಟಗ ಸುತ್ತಿಕೊಂಡು. ಅವನ ಹಿಂದೆ ಉಡುಗೊರೆಯ ಆಯೇರಿ ತಾಟು ಹಿಡಿದ ಹೆಂಗಸರು, ಎರಡು ಕೊಪ್ಪರಿಗೆ ಗೋದಿ ಬೆಲ್ಲದ ಮಾದಲಿ, ಕೊನೆಗೆ ಇಬ್ಬರು ಕೈಹಿಡಿದು ಇಳಿಸಿದ ಕಾಡವ್ವ.

"ಭಾವಾರ," ಕಲ್ಮೇಶ ಮುಖ ತಿರುವಿಕೊಂಡೇ ಹೇಳಿದ, "ನೀವು ಕರೀಲಿಲ್ಲ, ಆದ್ರ ನಾ ನನ್ನ ಕರ್ತವ್ಯ ಬಿಡಾಂವಲ್ಲ. ಹುಡುಗ ಎಲ್ಲಿ?"

ದುಂಡಪ್ಪ ಗಡಿಯಾರ ನೋಡಿಕೊಂಡ. ಹನ್ನೊಂದಕ್ಕೆ ಇನ್ನೂ ಇಪ್ಪತ್ತು ನಿಮಿಷ. "ಬರತಾನ ಬರತಾನ. ಮೊದಲ ನೆಳ್ಳಾಗ ಕುಂದರ್ರಿ."

ಕಲ್ಮೇಶ ಕೂಡಲಿಲ್ಲ. ಮೈಗಂಟಿದ ಕರಿ ರಬ್ಬರಿನ ಉಡುಪಿನಲ್ಲಿ ನೀರಿನಿಂದ ಎದ್ದು ಬರುತ್ತಿದ್ದ ವಿಜಯ ಅವರು ಅವನ ಕಣ್ಣಿಗೆ ಬಿದ್ದರು. ಎತ್ತರ, ನೆಟ್ಟಗೆ, ಕಾರವಾರದವರು. ಕಲ್ಮೇಶ ಅವರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಅಕ್ಕಾ, ನಾಲ್ವತ್ತು ದಾಟೇತಿ ಇಂವಗ! ಮ್ಯಾಲ ಈ ಅರಿವಿ! ಮದವಿಗೆ ಬಂದಾನೋ, ಬಾಂವಿ ಹೂಳ ತಗಿಯಾಕ ಬಂದಾನೋ?"

"ಯಾರಿಗೆ ಮದುವೆ?" ಕೋಚ್ ಕೇಳಿದರು. "ನನಗಾಗಲೇ ಆಗಿದೆ."

"ಎರಡನೇ ಸಂಬಂಧ!" ಆಯೇರಿ ತಾಟುಗಳ ನಡುವಿನಿಂದ ಒಂದು ಉಸಿರು ಹೊರಟಿತು. ಹಲಗಿಯವರು ಏನು ಬಾರಿಸಬೇಕೆಂದು ತಿಳಿಯದೆ ನಿಲ್ಲಿಸಿದರು.

ಆ ಮೌನದಲ್ಲಿ ಒಂದು ಸರಕಾರಿ ಜೀಪು ಬಂತು. ಬಾಲ್ಯವಿವಾಹ ತಡೆಯುವ ಅಧಿಕಾರಿ ರೇಣು ಮೇಡಂ, ಅವರ ಹಿಂದೆ ಇಬ್ಬರು ಪೊಲೀಸರು. ಮೇಡಂ ಹಲಗಿ ನೋಡಿದರು, ಆಯೇರಿ ನೋಡಿದರು, ಮಾದಲಿಯ ಕೊಪ್ಪರಿಗೆ ನೋಡಿದರು. ಪಂಚನಾಮೆಗೆ ಇನ್ನೇನೂ ಬೇಕಿರಲಿಲ್ಲ.

"ಹುಡುಗಿ ತಂದಿ ಯಾರು?"

"ನಾನರಿ. ಆದ್ರ ಮದವಿ ಇಲ್ಲರಿ."

"ಹಂಗಾದ್ರ ಇದೇನು?"

"ಗಾಳಿ ಹಲಗಿ ಪಂದ್ಯಾರಿ. ನನ್ನ ಮಗಳು ಪಟ ಹಿಡಕೊಂಡು ನೀರ ಮ್ಯಾಲ ಓಡತಾಳ್ರಿ."

ಮೇಡಂ ಕರುಣೆಯಿಂದ ನಕ್ಕರು. "ಹೋದ ವಾರ ಒಬ್ಬರು ಹುಟ್ಟಿದಹಬ್ಬ ಅಂದಿದ್ರು. ಅದರ ಹಿಂದಿನ ವಾರ ಮನಿ ಪ್ರವೇಶ ಅಂದಿದ್ರು. ನೀರ ಮ್ಯಾಲ ಓಡತಾಳ ಅಂದಾವರು ನೀವs ಮೊದಲ್ನೇದವರು. ಹುಡುಗಿನ್ನ ಕರೀರಿ. ನಮ್ಮ ಕೂಡ ಸವದತ್ತಿಗೆ ಬರಬೇಕು, ಹೇಳಿಕೆ ತಗೋಬೇಕು."

ಹನ್ನೊಂದಕ್ಕೆ ಐದು ನಿಮಿಷ. ಏಳು ಹುಡುಗಿಯರು ಹಲಗೆಗಳನ್ನು ಮೊಣಕಾಲುದ್ದ ನೀರಿಗೆ ಇಳಿಸಿದ್ದರು. ಉಮಾಶ್ರೀ ತಿರುಗಿ ನೋಡಿದಳು. ಜೀಪು, ಪೊಲೀಸರು, ಸೋದರಮಾವ, ನಡುವೆ ಬೆವರುತ್ತಿರುವ ಅಪ್ಪ. ಅವಳು ಬೂಮಿನ ಮೇಲಿಂದ ಕೈ ತೆಗೆದಳು.

ದುಂಡಪ್ಪ ಅದನ್ನು ಕಂಡ. ಹನ್ನೆರಡಕ್ಕೆ ಇಟ್ಟುಕೊಂಡಿದ್ದ ಸತ್ಯವನ್ನು ಈಗಲೇ ತೆಗೆಯದೆ ಗತ್ಯಂತರವಿರಲಿಲ್ಲ. ಕಾಡವ್ವನ ಮುಂದೆ ಹೋಗಿ ಉಸುಕಿನಲ್ಲಿ ಮೊಣಕಾಲೂರಿದ.

"ದೊಡ್ಡವ್ವಾ, ನಿನಗ ಸುಳ್ಳ ಹೇಳೇನಿ. ಮದವಿ ಇಲ್ಲ, ಹುಡುಗ ಇಲ್ಲ. ಅಕೀ ಹಿಡಕೊಳ್ಳೂದನ್ನ ನಾ ಕುಂತು ಮುರದ್ಯಾ. ಬ್ಯಾರೇದು ಬೇಕಾಗಿತ್ತು. ಖರೇ ಹೇಳಿದ್ರ ನೀ ಬಿದಿರ ಕೊಡತಿದ್ದಿಲ್ಲ. ಒಂದು ತಾಸ ತಡದು ಬೇಕಾದ್ರ ಕಸಗೊಂಡು ಹೋಗು."

ಯಾರೂ ನಂಬಲಿಲ್ಲ. ಇಷ್ಟು ದಿನ ಹೇಳಿದ ಸುಳ್ಳನ್ನು ಮೂರು ತಾಲೂಕು ಮರುಮಾತಿಲ್ಲದೆ ನಂಬಿತ್ತು. "ಪೊಲೀಸರನ್ನ ಕಂಡು ಮಾತು ತಿರುವಾಕತ್ತಾನ," ಎಂದು ಕಲ್ಮೇಶನೇ ಹೇಳಿದ.

ಕಾಡವ್ವ ಮಾತ್ರ ಕೂತಲ್ಲಿಂದ ಎದ್ದಳು. ಕೋಲೂರುತ್ತ ನೀರಿನ ಅಂಚಿಗೆ ನಡೆದಳು. ಉಮಾಶ್ರೀಯ ಪಟದ ಎರಡೂ ಮಗ್ಗುಲಿಗೆ ಬಾಗಿ ನಿಂತ ಬಿದಿರನ್ನು ಮುಟ್ಟಿ ನೋಡಿದಳು. ಒಂದು ಗೆಣ್ಣಿನಲ್ಲಿ ಅವಳೇ ಹಚ್ಚಿದ ಕುಂಕುಮ ಇನ್ನೂ ಉಳಿದಿತ್ತು.

"ಇದನ್ನ ಹಿಡಕೊಂಡು ಎಲ್ಲಿಗೆ ಹೋಗತಿಯವ್ವಾ?"

"ಅಗೋ, ಆ ಹಳದಿ ಡ್ರಮ್ಮಿನ ಮಟಾ, ಅಮ್ಮಾ."

"ಬಿದ್ರ?"

"ಮತ್ತ ಎದ್ದ ನಿಂದರತೇನಿ."

ಕಾಡವ್ವ ತಿರುಗಿದಳು. "ಬಾಯವ್ರ, ಇಲ್ಲಿ ಮದವಿ ಇಲ್ಲ ಅನ್ನೂದು ಖರೇನ, ಅಕೀನ್ನ ಬಿಡ್ರಿ. ನಿಮಗ ಫೋನ್ ಮಾಡಿಸಿದಾಕಿ ನಾನs."

ದಂಡೆಯ ಮೇಲಿನ ಬಾಯಿಗಳೆಲ್ಲ ತೆರೆದವು.

"ಏನ್ ದೊಡ್ಡವ್ವಾ!" ಕಲ್ಮೇಶ ಕೂಗಿದ. "ಬಿದಿರನೂ ನೀನs ಕೊಟ್ಟಿ, ಕಂಪ್ಲೇಂಟೂ ನೀನs ಮಾಡಿದಿ?"

"ಹಂದರಕ್ಕ ಬಿದಿರ ಕೇಳಿದವರಿಗೆ ಇಲ್ಲ ಅಂತ ಅನ್ನಾಂಗಿಲ್ಲ, ಅದು ನಮ್ಮ ಅತ್ತಿಯ ಅತ್ತಿ ಕಟ್ಟಳಿ. ಹದಿನೇಳರಾಗ ಮದವಿ ಮಾಡಾಂಗಿಲ್ಲ, ಅದು ಸರಕಾರದ ಕಟ್ಟಳಿ. ನಾ ಎರಡೂ ನಡಸೇನಿ. ಮಮ್ಮಗಳ ಮೊಬೈಲ್‌ನ್ಯಾಗ ನಾನs ಮಾತಾಡೇನಿ. ಹನ್ನೊಂದನೇ ವರ್ಷಕ್ಕ ನನ್ನ ಮದವಿ ಮಾಡಿ ಕೊಟ್ಟಾಗ ತಡಿಯಾವ್ರು ಯಾರೂ ಇರಲಿಲ್ಲ."

ರೇಣು ಮೇಡಂ ಒಂದು ಕ್ಷಣ ಮುದುಕಿಯ ಕಡೆ, ಒಂದು ಕ್ಷಣ ಹುಡುಗಿಯ ಕಡೆ ನೋಡಿದರು. ಆಮೇಲೆ ಕೋಚ್ ಕಡೆ ಕೈಯಾಡಿಸಿ, "ಹೂಂ, ನಡಸ್ರಿ," ಎಂದರು.

ಸೀಟಿ ಕೂಗಿತು. ಏಳು ಪಟಗಳು ಒಮ್ಮೆಲೇ ಗಾಳಿ ತುಂಬಿಕೊಂಡವು. ಉಮಾಶ್ರೀ ಕೊನೆಯವಳಾಗಿ ಹೊರಟಳು. ಮೊದಲ ಡ್ರಮ್ಮಿನ ಹತ್ತಿರ ಐದನೆಯವಳು. ಎರಡನೆಯ ಡ್ರಮ್ಮಿನ ಹತ್ತಿರ ಜೋರುಗಾಳಿಯೊಂದು ಬಂದು ಇಬ್ಬರನ್ನು ಕೆಡವಿತು. ಉಮಾಶ್ರೀ ನೀರಿಗೆ ಬೆನ್ನು ತಾಗುವಷ್ಟು ಹಿಂದಕ್ಕೆ ವಾಲಿ ಬಿದಿರನ್ನು ಹಿಡಿದಳು. ಬಿದಿರು ಬಾಗಿತು.

"ಹೋತು!" ಎಂದ ದುಂಡಪ್ಪ, ಕಣ್ಣು ಮುಚ್ಚಿಕೊಂಡು.

"ಸುಮ್ಮ ನಿಂದರ್ರಿ," ಲಗಮಪ್ಪ ಗದರಿಸಿದ. "ಬಾಗಿದ್ದು ಮುರಿಯೂದಿಲ್ಲ."

ಬಾಗಿದ ಬಿದಿರು ಮತ್ತೆ ಚಿಮ್ಮಿತು. ಹಲಗೆ ನೀರು ಸೀಳುತ್ತ ಓಡಿತು. ಯಾವ ಊರಿನ ಹುಡುಗಿ ಯಾವ ಪಟದಲ್ಲಿದ್ದಾಳೆಂದು ತಿಳಿಯದ ಹಲಗಿಯವರು ಎಲ್ಲರಿಗೂ ಸೇರಿಸಿ ಬಾರಿಸತೊಡಗಿದರು. ಕಲ್ಮೇಶ ಪಟಗ ಬಿಚ್ಚಿ ಬೀಸುತ್ತ, "ಹೊಡೀ ಉಮಾ!" ಎಂದು ಸೊಂಟದವರೆಗೆ ನೀರಿಗಿಳಿದ. ಪೊಲೀಸರಿಬ್ಬರು ಜೀಪಿನ ಬಾನೆಟ್ಟಿನ ಮೇಲೆ ಹತ್ತಿದರು. ಉಮಾಶ್ರೀ ಎರಡನೆಯವಳಾಗಿ ದಂಡೆ ಮುಟ್ಟಿದಳು. ಮೂರನೆಯವಳು ಅವಳಿಂದ ಒಂದು ಹಲಗೆಯಷ್ಟೇ ಹಿಂದಿದ್ದಳು.

ಮಾದಲಿಗೆ ತುಪ್ಪ ಬಿತ್ತು. ಎಲ್ಲರೂ ಸಾಲಾಗಿ ಕೂತರು. ಆದರೆ ರೇಣು ಮೇಡಂ ತಾಟು ಮುಟ್ಟಲಿಲ್ಲ. ದಾಖಲಾದ ದೂರನ್ನು ಸುಮ್ಮನೆ ಬಿಡುವಂತಿರಲಿಲ್ಲ; ತಂದೆಯಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಕಿತ್ತು. ಅಚ್ಚಾದ ಫಾರ್ಮು ತೆಗೆದರು. "ಶ್ರೀ" ಎಂದು ಬರೆದು ಮುಂದೆ ವರನ ಹೆಸರಿಗೆ ಜಾಗ ಬಿಟ್ಟಿತ್ತು. ಮೇಡಂ ಬಹಳ ಯೋಚಿಸಿ ಅಲ್ಲಿ "ಇಲ್ಲ" ಎಂದು ಬರೆದರು. ಹೀಗಾಗಿ ಶ್ರೀ ಇಲ್ಲ ಇವರೊಂದಿಗೆ ಕುಮಾರಿ ಉಮಾಶ್ರೀಯ ವಿವಾಹವನ್ನು ಸಕಾಲದಲ್ಲಿ ತಡೆಯಲಾಗಿದೆ ಎಂದು ಕಾಗದಕ್ಕೆ ಬಿತ್ತು. ಮಗಳಿಗೆ ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂಬ ಸಾಲಿನ ಕೆಳಗೆ ಸಹಿ ಹಾಕಲು ದುಂಡಪ್ಪ ಪೆನ್ನು ಹಿಡಿದ.

"ತಡಿ ಅಪ್ಪಾ." ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಉಮಾಶ್ರೀ ಅವನ ಹೆಗಲ ಮೇಲಿಂದ ಬಾಗಿ ಓದಿದಳು. "ಮೇಡಂ, ಇಲ್ಲಿ ಹದಿನೆಂಟು ಅಂತ ಐತಿ. ಇಪ್ಪತ್ತೈದು ಅಂತ ಮಾಡ್ರಿ."

"ಕಾನೂನಿನ್ಯಾಗ ಹದಿನೆಂಟು ಐತವ್ವಾ."

"ಕಾನೂನಿಗೆ ಹದಿನೆಂಟ ಇರ್ಲಿರಿ. ನಮ್ಮಪ್ಪಗ ಇಪ್ಪತ್ತೈದು ಬರೀರಿ."

ಮೇಡಂ ಸುತ್ತ ನೋಡಿದರು. ಮೂರು ತಾಲೂಕಿನ ಬೀಗರು ತುತ್ತು ಕೈಯಲ್ಲೇ ಹಿಡಿದು ಕಾಯುತ್ತಿದ್ದರು. ಮೇಡಂ ಹದಿನೆಂಟನ್ನು ಹೊಡೆದು ಹಾಕಿ, ಮೇಲೆ ಇಪ್ಪತ್ತೈದು ಎಂದು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಮಾಡಿದರು. ದುಂಡಪ್ಪ ಸಹಿ ಹಾಕಿದ. ಸೋಮವ್ವ ಹಾಕಿದಳು. ಸಾಕ್ಷಿಯಾಗಿ ಸೋದರಮಾವನ ಸಹಿ ಮೊದಲು ಬೀಳಬೇಕೆಂದು ಕಲ್ಮೇಶ ಒದ್ದೆ ಪಟಗ ಸುತ್ತಿಕೊಳ್ಳುತ್ತ ಎದ್ದ.

ಅಷ್ಟರಲ್ಲಿ ಕಾಡವ್ವ ಮಾದಲಿಯ ಕೈ ಸೆರಗಿಗೆ ಒರೆಸಿಕೊಂಡು, ಶಾಯಿಯ ಡಬ್ಬಿಗೆ ಹೆಬ್ಬೆಟ್ಟು ಅದ್ದಿ, ಕಾಗದದ ಮೇಲೆ ಗಟ್ಟಿಯಾಗಿ ಒತ್ತಿಬಿಟ್ಟಿದ್ದಳು.